ಕಾಶವ್ವನ ಹೆಬ್ಬೆರಳು

ಸೀಸೆಗೆ ಬುದ್ಧಿ ಕೊಡಬೇಕೆಂದು ಸರ್ಕಾರ ತೀರ್ಮಾನಿಸಿದ್ದು ಗಾಂಜಾ ಎಣ್ಣೆಯನ್ನು ಔಷಧಿಯೆಂದು ಒಪ್ಪಿಕೊಂಡ ವರ್ಷ. ಅದಕ್ಕೆ ಮೊದಲು ವೈದ್ಯರು, ರೋಗಿಗಳು, ಫಿಟ್ಸ್ ಬರುವ ಮಕ್ಕಳ ತಾಯಂದಿರು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದರು. ಕೊನೆಗೆ ಸರ್ಕಾರ ಒಪ್ಪಿತು, ಆದರೆ ನಾಚಿಕೊಂಡು ಒಪ್ಪಿತು. ಗಾಂಜಾ ಎಂಬ ಶಬ್ದವನ್ನು ಬಾಯಲ್ಲಿ ಆಡಲೂ ಮುಜುಗರವಾಗಿ, ಬೇರೆ ಹೆಸರು ಹುಡುಕಲು ಒಂದು ಉಪಸಮಿತಿ ರಚಿಸಿತು. ಉಪಸಮಿತಿ ಗೋಡಂಬಿ ತಿಂದು, ಚಹಾ ಕುಡಿದು, ಬಹಳ ದಿನ ತಿಣುಕಿ 'ಶಾಮಕತೈಲ' ಎಂಬ ಹೆಸರನ್ನು ಹೆತ್ತಿತು. ಅದನ್ನು ಕಾಯಲು ಶಾಮಕತೈಲ ಮಂಡಳಿ ಹುಟ್ಟಿತು. ಡಾ. ವಿಶ್ವಂಭರಯ್ಯನವರು ಅದರ ನಿರ್ದೇಶಕರಾದರು. ಜನ ಮಾತ್ರ ಮೊದಲಿನಿಂದಲೂ ಅದನ್ನು ಎಣ್ಣೆ ಎಂದೇ ಕರೆದರು.

ವಿಶ್ವಂಭರಯ್ಯನವರಿಗೆ ರೋಗಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ದ್ವೇಷಿಸುವುದಕ್ಕೆ ಅವರು ರೋಗಿಗಳನ್ನು ನೋಡಿರಲಿಲ್ಲ. ಅವರಿಗಿದ್ದದ್ದು ಒಂದೇ ಭಯ: ಯಾರಿಗೋ ಕೊಟ್ಟ ಎಣ್ಣೆ ಇನ್ನ್ಯಾರದೋ ಬಾಯಿಗೆ ಬಿದ್ದು, ಅವನು ಖುಷಿಪಟ್ಟುಬಿಟ್ಟರೆ? ಮಕ್ಕಳ ಫಿಟ್ಸಿಗೆ ಕೊಡುವ ಎಣ್ಣೆಯಲ್ಲಿ ಅಮಲಿನ ಅಂಶವನ್ನು ತೆಗೆದಿರುತ್ತಾರೆ, ಅದನ್ನು ಕದ್ದು ಕುಡಿದವನಿಗೆ ತೂಕಡಿಕೆ ಬಂದೀತೇ ಹೊರತು ಸ್ವರ್ಗ ಕಾಣುವುದಿಲ್ಲ ಎಂದು ತಜ್ಞರು ವಿವರಿಸಿದರು. ತಜ್ಞರ ಮಾತನ್ನು ಕಡತಕ್ಕೆ ಸೇರಿಸಲಾಯಿತು. ತಲೆಗೆ ಸೇರಿಸಿಕೊಂಡವರು ಯಾರೂ ಇಲ್ಲ.

ಹೀಗೆ ಬಂದದ್ದು ಕಾವಲು ಸೀಸೆ. ಅದರ ಮುಚ್ಚಳದ ಮೇಲೆ ನಾಣ್ಯದಗಲದ ಒಂದು ಗಾಜಿನ ಬಿಲ್ಲೆ. ಅದರ ಮೇಲೆ ಹೆಬ್ಬೆರಳಿಟ್ಟರೆ ಚರ್ಮದ ಗೆರೆಗಳನ್ನು, ಗೆರೆಗಳ ಕೆಳಗಿನ ರಕ್ತನಾಳಗಳನ್ನು, ನಾಳಗಳೊಳಗಿನ ನಾಡಿಯನ್ನು ಅದು ಓದುತ್ತಿತ್ತು. ಸರಿಯಾದ ಬೆರಳಾದರೆ ಹಸಿರು ದೀಪ ಹತ್ತಿ, ವೈದ್ಯರು ಬರೆದಷ್ಟೇ ಹನಿ ಹೊರಬರುತ್ತಿತ್ತು. ಬೇರೆ ಬೆರಳಾದರೆ ಕೆಂಪು ದೀಪ. ಸಿಟ್ಟಿಗೆದ್ದು ಸೀಸೆ ಒಡೆದರೆ ಎಣ್ಣೆ ಒಳಗೇ ಅಂಟಿನಂತೆ ಗಟ್ಟಿಯಾಗಿಬಿಡುತ್ತಿತ್ತು. ರಾಜ್ಯದಲ್ಲಿ ಎಲ್ಲಿ ಯಾವ ಸೀಸೆ ತೆರೆದರೂ ಮಂಡಳಿಯ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಒಂದು ಚುಕ್ಕೆ ಮಿನುಗುತ್ತಿತ್ತು.

ನಿಯಮ ಸರಳವಾಗಿತ್ತು. ಸೀಲು ಒಡೆದ ಮೇಲೆ ಬಿಲ್ಲೆಯ ಮೇಲೆ ಮೊದಲು ಬೀಳುವ ಹೆಬ್ಬೆರಳು ಯಾರದೋ ಅವರೇ ಆ ಸೀಸೆಯ ಧಾರಕರು. ಆ ರೋಗಿಗೆ ಮುಂದೆ ಬರುವ ಸೀಸೆಗಳಿಗೂ ಅವರೇ ಧಾರಕರು. ಬದಲಾಯಿಸಬೇಕೆಂದರೆ ಜಿಲ್ಲಾ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲಾ ಸಮಿತಿ ವರ್ಷಕ್ಕೆರಡು ಸಲ ಸೇರುತ್ತದೆ, ಸದಸ್ಯರು ಬಂದರೆ. ಮೊದಲ ಸಲ ಸೀಸೆ ತೆರೆಯುವವರು ರೋಗಿಯೋ, ರೋಗಿಯ ತಾಯಿತಂದೆಯೋ ಆಗಿರುತ್ತಾರೆ ಎಂದು ನಿಯಮ ಬರೆದವರು ನಂಬಿದ್ದರು. ಬೇರೆ ಯಾರು ತಾನೇ ತೆರೆಯುತ್ತಾರೆ? ಹುಟ್ಟಿದಾಗಿನಿಂದ ಇದೇ ನೆಲದ ಅನ್ನ ತಿಂದವರು, ತಮ್ಮ ಜನ ಔಷಧಿಯನ್ನು ಹೇಗೆ ತೆಗೆದುಕೊಳ್ಳುತ್ತಾರೆಂಬುದನ್ನು ಒಬ್ಬರಾದರೂ ನೆನಪು ಮಾಡಿಕೊಳ್ಳಲಿಲ್ಲ.

*

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಭುವನಾ ಎಂಬ ಹೆಣ್ಣುಮಗಳಿದ್ದಳು. ಬಸ್ ಡಿಪೋದಲ್ಲಿ ಬ್ಯಾಟರಿ ಬಸ್ಸುಗಳಿಗೆ ಚಾರ್ಜ್ ಹಾಕುವ ಕೆಲಸ. ಗಂಡ ತೀರಿಕೊಂಡಿದ್ದ. ಇದ್ದದ್ದು ಐದು ವರ್ಷದ ಮಗಳು ಇಂಚರಾ. ಆ ಮಗುವಿಗೆ ದಿನಕ್ಕೆ ಎಷ್ಟು ಸಲ ಫಿಟ್ಸ್ ಬರುತ್ತಿತ್ತೆಂದರೆ, ಭುವನಾ ಮನೆಯ ಮೂಲೆಮೂಲೆಗೂ ದಿಂಬು ಹಾಕಿಟ್ಟಿದ್ದಳು. ಎಲ್ಲ ಮಾತ್ರೆಗಳೂ ಸೋತ ಮೇಲೆ ವೈದ್ಯರು ಎಣ್ಣೆ ಬರೆದುಕೊಟ್ಟರು.

ಸೀಸೆ ಮನೆಗೆ ಬಂದ ದಿನ ಭುವನಾ ಅದನ್ನು ತೆರೆಯಲಿಲ್ಲ. ದೇವರ ಜಗಲಿಯ ಮೇಲಿಟ್ಟು, ಅರಿಸಿನ ಕುಂಕುಮ ಏರಿಸಿ, ನೇರವಾಗಿ ಮೂರನೆಯ ಮನೆಗೆ ಹೋಗಿ ಕಾಶವ್ವನನ್ನು ಕರೆದುಕೊಂಡು ಬಂದಳು.

ಕಾಶವ್ವ ಬಳೆಗಾರ್ತಿ. ನಲವತ್ತು ವರ್ಷ ಆ ಓಣಿಗಳ ಹೆಣ್ಣುಮಕ್ಕಳ ಕೈಗಳನ್ನು ಹಿಡಿದು, ಹಿಚುಕಿ, ಬಳೆ ತೊಡಿಸಿದವಳು. ಅವಳು ಬಳೆ ಇಟ್ಟ ಬಸುರಿಯರ ಹೆರಿಗೆ ಸುಸೂತ್ರ, ಅವಳು ಕೊಟ್ಟ ಕಷಾಯದ ಮುಂದೆ ಜ್ವರ ನಿಲ್ಲುವುದಿಲ್ಲ ಎಂದು ಪ್ರಖ್ಯಾತಿ. ಇದಕ್ಕೆ ಕೈಗುಣ ಎನ್ನುತ್ತಾರೆ. ಔಷಧಿ ಯಾವುದಾದರೂ ಇರಲಿ, ಕೊಡುವ ಕೈ ಒಳ್ಳೆಯದಿರಬೇಕು. ಕೈಗುಣಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಗುಣವಾದವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ಗುಣವಾಗದವರು ಹೇಳಲು ಉಳಿದಿರುವುದಿಲ್ಲ.

"ಆಯಿ, ಮೊದಲನೇದ್ದು ನೀವ ಹಾಕ್ರಿ," ಎಂದಳು ಭುವನಾ. "ನನ್ನ ಕೈ ಸುಮಾರು. ನಾ ಕೊಟ್ಟದ್ದು ಒಂದರ ಹತ್ತೇತೇನು ಈ ಕೂಸಿಗೆ?"

"ನಾ ಬಳಿ ಇಡಾಕಿ, ಡಾಕ್ಟರ್ ಅಲ್ಲವಾ," ಎಂದಳು ಕಾಶವ್ವ. ಹೇಳುತ್ತಲೇ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಿದ್ದಳು. ಇಂಥ ಮರ್ಯಾದೆಯನ್ನು ಬೇಡವೆನ್ನುವಷ್ಟು ದೊಡ್ಡ ಮನಸ್ಸು ಅವಳಿಗೂ ಇರಲಿಲ್ಲ.

ಹಸಿರು ದೀಪ ಹತ್ತಿತು. ಎಣ್ಣೆ ಇಂಚರಾಳ ನಾಲಗೆಗೆ ಬಿತ್ತು. ಮರುದಿನ ಬೆಳಿಗ್ಗೆ ಭುವನಾ ತನ್ನ ಹೆಬ್ಬೆರಳಿಟ್ಟಾಗ ಕೆಂಪು ದೀಪ ಹತ್ತಿತು.

ಅರ್ಜಿ ಹೋಯಿತು. ಸಮಿತಿ ಸೇರಲಿಲ್ಲ. ಕಾಶವ್ವನೇ ದಿನಾ ಬೆಳಿಗ್ಗೆ ಬಂದು ಬೆರಳು ಒತ್ತಿ ಹೋಗತೊಡಗಿದಳು. ತಿಂಗಳು ಕಳೆಯುವಷ್ಟರಲ್ಲಿ ಇಂಚರಾಳ ಫಿಟ್ಸ್ ಬಹುಪಾಲು ನಿಂತಿತು. ಮಗು ಅಂಗಳಕ್ಕಿಳಿದು ಆಡಿತು, ಶಾಲೆಗೆ ಸೇರಿತು. ಎಣ್ಣೆ ಕೆಲಸ ಮಾಡಿತೆಂದು ವೈದ್ಯರು ಬರೆದರು. ಓಣಿಗೆ ಮಾತ್ರ ನಿಜ ಸಂಗತಿ ಗೊತ್ತಿತ್ತು: ಅದು ಕಾಶವ್ವನ ಕೈಗುಣ.

ಇಲ್ಲಿಗೆ ಜನ ಬುದ್ಧಿ ಕಲಿಯಬೇಕಿತ್ತು. ಕಲಿಯಲಿಲ್ಲ. ಸುತ್ತಲಿನ ಓಣಿಗಳಲ್ಲಿ ಯಾರ ಮನೆಗೆ ಎಣ್ಣೆ ಬಂದರೂ, ಸೀಸೆ ಕಾಶವ್ವನ ಬೆರಳಿಗೇ ಅಂಟಿಕೊಳ್ಳುತ್ತದೆಂದು ಚೆನ್ನಾಗಿ ತಿಳಿದೂ, ಅವಳನ್ನೇ ಕರೆದರು. ಕೀಮೋ ತೆಗೆದುಕೊಂಡು ವಾಂತಿಯಲ್ಲಿ ಬಿದ್ದಿದ್ದ ಶಿಕ್ಷಕ ಕರೆದ. ನರದ ನೋವಿನ ಮುದುಕ ಕರೆದ. ಎಂಜಿನಿಯರಿಂಗ್ ಓದಿದ ಸೊಸೆಯೊಬ್ಬಳು, "ಅಂಧಶ್ರದ್ಧಾ ಅಂತ ಗೊತ್ತೈತ್ರಿ ಆಯಿ, ಆದ್ರೂ ಇರ್ಲಿ," ಎಂದು ಕರೆದಳು. ಹನ್ನೆರಡು ಮನೆಗಳ ಸೀಸೆಗಳು ಒಂದು ಮುದುಕಿಯ ಹೆಬ್ಬೆರಳಿಗೆ ಕಟ್ಟುಬಿದ್ದವು. ಕಾಶವ್ವ ಬೆಳಿಗ್ಗೆ ಎದ್ದು, ಬಳೆ ಬುಟ್ಟಿ ಮನೆಯಲ್ಲೇ ಬಿಟ್ಟು, ಬರೀ ಹೆಬ್ಬೆರಳು ಹೊತ್ತು ಮನೆಮನೆ ಸುತ್ತಿದಳು.

ಆಮೇಲೆ ಅವಳಿಗೇ ಕ್ಯಾನ್ಸರ್ ಬಂತು. ಅದು ಬೆನ್ನಿನ ಮೂಳೆಗಿಳಿದು, ಕೂತರೆ ಏಳಲಾಗದ, ಎದ್ದರೆ ಕೂರಲಾಗದ ನೋವಾಯಿತು. ಅವಳಿಗೂ ಎಣ್ಣೆ ಬಂತು, ಫಿಟ್ಸಿನದಲ್ಲ, ನೋವಿನದು. ಈ ಎರಡನ್ನು ಅದಲುಬದಲು ಮಾಡುವಂತಿಲ್ಲವೆಂದು ವೈದ್ಯರು ಮೂರು ಸಲ ಹೇಳಿ ಕಳಿಸಿದ್ದರು. ತನ್ನ ಸೀಸೆಯನ್ನು ಕಾಶವ್ವ ತಾನೇ ತೆರೆಯಲಿಲ್ಲ. ಊರಿಗೆಲ್ಲ ಹತ್ತುವ ಕೈ ಸ್ವಂತಕ್ಕೆ ಹತ್ತುವುದಿಲ್ಲವೆಂದು ಅವಳ ನಂಬಿಕೆ. ಇಂಚರಾಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು, "ನೀ ಒತ್ತವ್ವಾ. ನಿನ್ನ ಕೈಗುಣ ನನಗ ಬೇಕು," ಎಂದಳು. ಐದು ವರ್ಷದ ಹೆಬ್ಬೆರಳಿಗೆ ಸೀಸೆ ಹಸಿರು ದೀಪ ತೋರಿಸಿತು. ಧಾರಕರಿಗೆ ಇಷ್ಟು ವಯಸ್ಸಾಗಿರಬೇಕೆಂದು ನಿಯಮದಲ್ಲಿ ಯಾರೂ ಬರೆದಿರಲಿಲ್ಲ.

ಅಂದಿನಿಂದ ಮುದುಕಿ ಮಗುವಿಗೆ ಎಣ್ಣೆ ಕೊಟ್ಟಳು, ಮಗು ಮುದುಕಿಗೆ ಎಣ್ಣೆ ಕೊಟ್ಟಿತು. ಇಬ್ಬರೂ ಬಾಯಿ ಒರೆಸಿಕೊಂಡು ತಂತಮ್ಮ ಕೆಲಸಕ್ಕೆ ಹೋದರು.

*

ನಿಯಂತ್ರಣ ಕೊಠಡಿಯ ಗೋಡೆ ಒಂದು ಬೆಳಿಗ್ಗೆ ಕೂಗಿಕೊಂಡಿತು. ಒಂದೇ ಹೆಬ್ಬೆರಳು, ಹನ್ನೆರಡು ರೋಗಿಗಳು, ಹನ್ನೆರಡು ಮನೆ. 'ಅಕ್ರಮ ಜಾಲದ ಮೂಲ' ಎಂದು ಯಂತ್ರ ತಾನಾಗಿಯೇ ಷರಾ ಬರೆಯಿತು.

ಪಾಳಿಯಲ್ಲಿದ್ದವಳು ತನುಜಾ ಹೊಸಕೇರಿ, ಹುಬ್ಬಳ್ಳಿಯವಳೇ ಆದ ಎಂಜಿನಿಯರು. ಓಣಿಯ ನಕ್ಷೆ ನೋಡಿದಳು, ಬೆರಳಿನ ವಯಸ್ಸು ನೋಡಿದಳು, ಬೆಳಗಿನ ಹೊತ್ತು ಚುಕ್ಕೆ ಮನೆಯಿಂದ ಮನೆಗೆ ಕುಂಟುತ್ತಾ ಹೋಗುವುದನ್ನು ನೋಡಿದಳು. ಅವಳಿಗೆ ತಕ್ಷಣ ಅರ್ಥವಾಯಿತು. ಅವಳ ಅಜ್ಜಿಯೂ ಚಿಕ್ಕಂದಿನಲ್ಲಿ ಅವಳಿಗೆ ಪ್ರತಿ ಮಾತ್ರೆಯನ್ನೂ ಪಕ್ಕದ ಮನೆಯ ಕಾಕೂನ ಕೈಯಿಂದಲೇ ಕೊಡಿಸುತ್ತಿದ್ದಳು.

ವಿಶ್ವಂಭರಯ್ಯನವರು ಓಡುತ್ತಾ ಬಂದರು. ಮಂಡಳಿ ಹುಟ್ಟಿದಾಗಿನಿಂದ ಒಬ್ಬ ಕಳ್ಳನೂ ಸಿಕ್ಕಿರಲಿಲ್ಲ. ಮಗಳ ಮದುವೆ ಗೊತ್ತಾದ ತಂದೆಯ ಮುಖ ಅವರದಾಗಿತ್ತು.

"ಸರ್, ಇದು ಜಾಲ ಅಲ್ಲ. ಆ ಅಜ್ಜಿಯ ಕೈಗುಣ ಒಳ್ಳೇದು ಅಂತ ಎಲ್ಲರೂ ಕರೀತಾರೆ, ಅಷ್ಟೇ," ಎಂದಳು ತನುಜಾ.

"ಏನಮ್ಮ ಅದು, ಕೈಗುಣ? ನಿಯಮಾವಳೀಲಿ ಎಲ್ಲಿದೆ ಅದು?"

"ನಿಯಮಾವಳೀಲಿ ಇಲ್ಲ ಸರ್. ಜನರಲ್ಲಿದೆ."

"ಅದನ್ನ ಅಳೆಯೋದು ಯಾವುದರಲ್ಲಿ? ಲೀಟರಿನಲ್ಲೋ, ವೋಲ್ಟಿನಲ್ಲೋ?" ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಿರ್ದೇಶಕರು ಹಾಸ್ಯ ಮಾಡಿದಾಗ ನಗುವುದು ಆ ಕೊಠಡಿಯಲ್ಲಿ ತಪ್ಪದೆ ಪಾಲನೆಯಾಗುತ್ತಿದ್ದ ಏಕೈಕ ನಿಯಮ. "ತಾಯಿ ಇದ್ದಾಳೆ, ತಂದೆ ಇದ್ದಾನೆ, ಬಳೆ ಮಾರೋಳಿಗೆ ಯಾಕೆ ಔಷಧಿ ಕೊಡ್ತಾರೆ? ಹನಿಹನಿ ಕದ್ದು ಮಾರ್ತಾಳೆ. ಬೆರಳನ್ನ ನಿರ್ಬಂಧಿಸಿ."

"ಎಲ್ಲ ಸೀಸೆಗಳೂ ಮುಚ್ಚಿಹೋಗ್ತವೆ ಸರ್. ಫಿಟ್ಸಿನ ಮಗು ಇದೆ ಅಲ್ಲಿ."

"ಮಗು ಕಡೆಯೋರು ಅರ್ಜಿ ಹಾಕಲಿ. ನಾವೇನು ಬಾಗಿಲು ಮುಚ್ಚಿಕೊಂಡು ಕೂತಿದ್ದೀವಾ?"

ಇದೇ ವಿಶ್ವಂಭರಯ್ಯನವರು ತಮಗೆ ನೆಗಡಿಯಾದರೆ ಪಕ್ಕದ ಬೀದಿಯ ತಜ್ಞರನ್ನು ಬಿಟ್ಟು, ಊರಿನ ಆ ತುದಿಯಲ್ಲಿರುವ ಕಣ್ಣು ಸರಿಯಾಗಿ ಕಾಣದ ಮುದಿ ಡಾಕ್ಟರ ಬಳಿಗೇ ಹೋಗುತ್ತಿದ್ದರು. ಅವರು ಮುಟ್ಟಿದರೆ ಸಾಕು, ಅರ್ಧ ಕಡಿಮೆಯಾಗುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದರು. ಅದಕ್ಕೆ ಏನೆನ್ನುತ್ತಾರೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ನಿರ್ದೇಶಕರಾಗುವುದಕ್ಕೆ ಯೋಚನೆ ಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ.

ಮಧ್ಯಾಹ್ನ ಅವರು ಪತ್ರಕರ್ತರನ್ನು ಕರೆದು, ರಾಜ್ಯದ ಮೊದಲ ಶಾಮಕತೈಲ ಜಾಲವನ್ನು ಭೇದಿಸಿದ್ದಾಗಿ ಘೋಷಿಸಿದರು. ಕಳ್ಳರ ಸೀಸೆಗಳೆಲ್ಲ ಮುಚ್ಚಿದವು. ಕಾಶವ್ವನ ಸ್ವಂತ ಸೀಸೆ ಒಂದನ್ನು ಬಿಟ್ಟು. ಅದು ಐದು ವರ್ಷದ ಬೇರೊಬ್ಬ ಧಾರಕಳ ಹೆಸರಿನಲ್ಲಿತ್ತಲ್ಲ, ಯಂತ್ರಕ್ಕೆ ಅದರಲ್ಲೇನೂ ಅನುಮಾನ ಬರಲಿಲ್ಲ.

*

ಮರುದಿನ ಬೆಳಿಗ್ಗೆ ಭುವನಾಳ ಮನೆಯಲ್ಲಿ ಕಾಶವ್ವನ ಹೆಬ್ಬೆರಳಿಗೂ ಕೆಂಪು ದೀಪ ಹತ್ತಿತು. ಅವಳು ಬೆರಳು ತೊಳೆದುಕೊಂಡು ಒತ್ತಿದಳು. ಒರೆಸಿಕೊಂಡು ಒತ್ತಿದಳು. ಬಿಸಿನೀರಿನಲ್ಲಿಟ್ಟು ಒತ್ತಿದಳು. ಇಂಚರಾ ಬಾಯಿ ತೆರೆದುಕೊಂಡು ಕಾಯುತ್ತಲೇ ಇದ್ದಳು.

"ನನ್ನ ಬೆರಳಿಗೆ ಏನಾತವಾ?" ಎಂದು ಕಾಶವ್ವ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಉಳಿದ ಹನ್ನೊಂದು ಮನೆಗಳಲ್ಲೂ ಅದೇ ಆಯಿತು. ಕೊನೆಯ ಮನೆಯಲ್ಲಿ ಟಿ.ವಿ. ಹಚ್ಚಿದ್ದರು. ತಾನು ಜಾಲದ ಮೂಲ ಎಂದು ಅವಳಿಗೆ ತಿಳಿದದ್ದು ಅಲ್ಲಿ.

ಅದರ ಮಾರನೆಯ ದಿನ ಶಾಲೆಯಲ್ಲಿ ಇಂಚರಾ ಬಿದ್ದಳು. ಮನೆಗೆ ತಂದರು, ಮತ್ತೆ ಫಿಟ್ಸ್ ಬಂತು. ಒಂದು ನಿಲ್ಲುವುದರೊಳಗೆ ಇನ್ನೊಂದು. ತುಟಿ ನೀಲಿಗಟ್ಟಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ತಾತ್ಕಾಲಿಕವಾಗಿ ನಿಲ್ಲಿಸಿದರು. ಅಲ್ಲಿನ ವೈದ್ಯೆ ಭುವನಾಳನ್ನು ಪಕ್ಕಕ್ಕೆ ಕರೆದು, "ಎಣ್ಣಿ ಒಮ್ಮೆಲೇ ನಿಂತದ್ದಕ್ಕ ಹಿಂಗಾಗೇತಿ. ಹೊಸಾ ಸೀಸೆ ನಾ ಬರದು ಕೊಡಾಕ ಬರೂದಿಲ್ಲ, ನಿಮ್ಮ ಕೂಸಿನ ಹೆಸರಿಗೆ ಆಗಲೇ ಒಂದು ಐತಿ ಅಂತ ತೋರಸ್ತದ. ಹೆಂಗಾರ ಮಾಡಿ ಅದನ್ನ ತಗಿಸ್ರಿ. ಹಿಂಗ ಬಾಳ ದಿನ ತಡಕೊಳ್ಳಾಂಗಿಲ್ಲ ಕೂಸು," ಎಂದಳು.

ಸೀಸೆ ಮಂಚದ ಪಕ್ಕದಲ್ಲೇ ಇತ್ತು. ತುಂಬ ಎಣ್ಣೆ ಇತ್ತು. ಭುವನಾ ಅದನ್ನೇ ನೋಡುತ್ತಾ, ಆ ಎಣ್ಣೆಯನ್ನು, ಅದನ್ನು ಬೀಗದಲ್ಲಿಟ್ಟವರನ್ನು, ಮೊದಲ ದಿನ ತನ್ನ ಬೆರಳಿಡದ ತನ್ನನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ಮಂಡಳಿಯ ಸಹಾಯವಾಣಿಗೆ ಫೋನ್ ಮಾಡಿ, ಅಲ್ಲಿನ ಸಂಗೀತ ಕೇಳುತ್ತಾ ಕೂತಳು.

*

ತನುಜಾ ಕುರ್ಚಿಯಲ್ಲಿ ಕೂತು ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಬರೆದವರೂ ಅದನ್ನು ಹಾಗೆ ಓದಿರಲಿಕ್ಕಿಲ್ಲ. ಕೊನೆಗೆ ಒಂದು ಸಾಲು ಸಿಕ್ಕಿತು. ಧಾರಕರು ಮೃತಪಟ್ಟರೆ ಸೀಸೆ ತಾನಾಗಿಯೇ ರೋಗಿಯ ಮನೆಯವರ ಬೆರಳಿಗೆ ಒಲಿಯುತ್ತದೆ, ಅರ್ಜಿ ಬೇಕಿಲ್ಲ. ಇಡೀ ನಿಯಮಾವಳಿಯಲ್ಲಿ ಮನುಷ್ಯರು ಬರೆದಂತಿದ್ದ ಸಾಲು ಅದೊಂದೇ. ಬಹುಶಃ ಕಣ್ತಪ್ಪಿನಿಂದ ಉಳಿದಿತ್ತು.

ಅವಳು ಊಟದ ಬಿಡುವಿನಲ್ಲಿ ಹೊರಗೆ ಬಂದು, ತನ್ನ ಫೋನಿನಿಂದ ಕಾಶವ್ವನಿಗೆ ಕರೆ ಮಾಡಿದಳು.

"ಅಜ್ಜಿ, ನಾ ಮಂಡಳಿಯಾಕಿ. ನಿಮ್ಮ ಬೆರಳು ಬಿಡಸೂದು ನನ್ನ ಕೈಯಾಗ ಇಲ್ರಿ. ಸಮಿತಿ ಸೇರೂದು ಇನ್ನ ತಿಂಗಳಗಟ್ಲೆ ಐತಿ."

"ಅಲ್ಲೀತನಕ ಕೂಸು ಉಳಿಯೂದಿಲ್ಲವಾ."

"ಒಂದ ದಾರಿ ಐತ್ರಿ. ನೀವು ಯಂತ್ರದಾಗ ಸಾಯಬೇಕು." ತನುಜಾ ಹೇಳಲಾರದೆ ಹೇಳಿದಳು. "ವಾರ್ಡ್ ಆಫೀಸಿನಾಗ ಪಿಂಚಣಿ ಯಂತ್ರ ಐತೆಲ್ರಿ? ಯಾರರ ಹೋಗಿ ಕಾಶವ್ವ ತೀರಿಕೊಂಡ್ಳು ಅಂತ ಒತ್ತಿದ್ರ ಸಾಕು. ಎಲ್ಲಾ ಸೀಸೆನೂ ಬಿಚ್ಚಿಕೊಳ್ತಾವು."

ಕಾಶವ್ವ ನಕ್ಕಳು. "ಅಷ್ಟ ಹೌದಲ್ಲ? ಪಿಂಚಣಿ ಹೋದ್ರ ಹೋಗ್ಲಿ."

"ಅಷ್ಟ ಅಲ್ರಿ. ನಿಮ್ಮ ಸ್ವಂತ ಸೀಸೆ ಐತೆಲ್ರಿ, ನೋವಿನ್ದು. ಅದು ಮುಚ್ಚತೈತಿ, ಒಳಗಿನ ಎಣ್ಣಿ ಗಟ್ಟಿ ಆಗತೈತಿ. ಸತ್ತವರಿಗೆ ನೋವಿರೂದಿಲ್ಲ ಅಂತ ನಿಯಮ. ಮತ್ತ ಯಾವ ದವಾಖಾನಿಯಾಗೂ ನಿಮ್ಮ ಹೆಸರಿಗೆ ನೋವಿನ ಔಷಧ ಬರೂದಿಲ್ಲ."

ಈ ಕಡೆ ಕಾಶವ್ವ ಬೆನ್ನಿಗೆ ದಿಂಬು ಒತ್ತಿಕೊಂಡು ಕೂತಿದ್ದಳು. ಎಣ್ಣೆ ಇಲ್ಲದ ದಿನಗಳು ಹೇಗಿದ್ದವೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ಅವಳು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ತಲೆ ಆನಿಸಿಕೊಂಡು ಕೂರುತ್ತಿದ್ದಳು. ಅವಳಿಗೆ ಭಯವಾಯಿತು.

"ಈ ಮಾತು ಭುವನಾಗ ಹೇಳಬ್ಯಾಡವಾ," ಎಂದಳು. "ಹೇಳಿದ್ರ ಆಕಿ ಒತ್ತೂದಿಲ್ಲ."

*

ಬದುಕಿದ್ದೇನೆಂದು ತೋರಿಸಲು ವರ್ಷಕ್ಕೊಮ್ಮೆ ಮುದುಕರನ್ನು ಸಾಲಿನಲ್ಲಿ ನಿಲ್ಲಿಸಿ, ಬೆರಳು, ಕಣ್ಣು, ಮುಖ ಎಲ್ಲವನ್ನೂ ಕೇಳುವ ಯಂತ್ರ ಅದು, ವಾರ್ಡ್ ಆಫೀಸಿನ ಪಿಂಚಣಿ ಯಂತ್ರ. ಸತ್ತಿದ್ದಾರೆಂದು ಹೇಳಲು ಏನನ್ನೂ ಕೇಳುತ್ತಿರಲಿಲ್ಲ. ಪಿಂಚಣಿ ಬೇಡವೆನ್ನುವವರ ಮೇಲೆ ಸರ್ಕಾರಕ್ಕೆ ಪೂರ್ಣ ವಿಶ್ವಾಸವಿತ್ತು.

ಕಾಶವ್ವ ಆಟೋದಿಂದ ಇಳಿದು, ಭುವನಾಳ ಭುಜ ಹಿಡಿದು ನಡೆದು ಬಂದಳು. 'ಫಲಾನುಭವಿ ಮೃತರಾಗಿದ್ದಾರೆ' ಎಂಬ ಗುಂಡಿಯನ್ನು ತಾನೇ ಒತ್ತಿ, ಮಾಹಿತಿ ಕೊಟ್ಟವರ ಜಾಗದಲ್ಲಿ ತನ್ನ ಹೆಬ್ಬೆರಳನ್ನೇ ಇಟ್ಟಳು.

'ಈ ಬೆರಳನ್ನು ನಿರ್ಬಂಧಿಸಲಾಗಿದೆ' ಎಂದಿತು ಯಂತ್ರ.

"ಸಾಯಾಕೂ ಬಿಡವಲ್ರು ನೋಡು," ಎಂದಳು ಕಾಶವ್ವ. "ನೀನ ಒತ್ತು."

ಭುವನಾ ಹಿಂದೆ ಸರಿದಳು. "ನನ್ನ ಕೈಲೆ ಆಗೂದಿಲ್ಲ ಆಯಿ. ನಿಮ್ಮನ್ನ ಸತ್ತರಂತ ನಾ ಹೆಂಗ ಒತ್ಲಿ? ಅಪಶಕುನ."

"ಹೊಯ್ಕೊಂಬ್ಯಾಡ. ನಿನ್ನ ಮಗಳ ತುಟಿ ನೋಡಿಯಿಲ್ಲೋ? ಒತ್ತು ಅಂದ್ರ ಒತ್ತು." ಕಾಶವ್ವ ಅವಳ ಕೈ ಹಿಡಿದುಕೊಂಡಳು. ನಲವತ್ತು ವರ್ಷ ಬಳೆ ತೊಡಿಸುವಾಗ ಹಿಡಿದಂತೆಯೇ, ಬೆರಳುಗಳನ್ನು ಒಟ್ಟುಗೂಡಿಸಿ, ಬಿಗಿಯಾಗಿ. ಹೆಬ್ಬೆರಳನ್ನು ಎತ್ತಿ ಬಿಲ್ಲೆಯ ಮೇಲಿಟ್ಟಳು.

ಯಂತ್ರ ಹಸಿರು ದೀಪ ತೋರಿಸಿ, ಕುಟುಂಬದವರ ದುಃಖದಲ್ಲಿ ಸರ್ಕಾರವೂ ಭಾಗಿಯಾಗಿದೆ ಎಂದು ತಿಳಿಸಿತು.

ಆಸ್ಪತ್ರೆಯಲ್ಲಿ ಭುವನಾ ತನ್ನ ಹೆಬ್ಬೆರಳನ್ನು ಸೀಸೆಯ ಮೇಲಿಟ್ಟಳು. ಹಸಿರು ದೀಪ ಹತ್ತಿತು, ಎಣ್ಣೆ ಬಿತ್ತು. ವಾರದೊಳಗೆ ಇಂಚರಾ ಮನೆಗೆ ಬಂದಳು. ತಾಯಿಯ ಸುಮಾರು ಕೈಯಿಂದಲೂ ಎಣ್ಣೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಓಣಿಯವರು ಇದನ್ನು ಗಮನಿಸಿ, ತಲೆದೂಗಿ, ಕಾಶವ್ವ ಭುವನಾಳ ಕೈ ಹಿಡಿದಾಗ ಕೈಗುಣ ಅವಳಿಗೆ ದಾಟಿರಬೇಕೆಂದು ತೀರ್ಮಾನಿಸಿದರು. ಮಂಡಳಿಯಲ್ಲಿ ವಿಶ್ವಂಭರಯ್ಯನವರು ಪ್ರಮುಖ ಆರೋಪಿ ಮೃತಪಟ್ಟಿರುವುದರಿಂದ ಜಾಲ ನಿರ್ನಾಮವಾಗಿದೆ ಎಂದು ವರದಿ ಬರೆದು, ಶಾಲು ಹೊದಿಸಿಕೊಂಡರು.

*

ಇಂಚರಾ ಶಾಲೆಗೆ ಹೊರಡುವ ಮುಂಚೆ ಕಾಶವ್ವನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಅದು ಅವಳ ಕೆಲಸ. ಗೂಡಿನಲ್ಲಿದ್ದ ಸೀಸೆ ಇಳಿಸಿ, ಹೆಬ್ಬೆರಳು ಒತ್ತಿ, ಆಯಿಯ ಬಾಯಿಗೆ ಬಗ್ಗಿಸುತ್ತಿದ್ದಳು. ಒಂದು ದಿನ ಹೊತ್ತಾಯಿತೆಂದು ಅವಳನ್ನು ಕರೆಯಲು ಬಂದ ಭುವನಾ ಬಾಗಿಲಲ್ಲೇ ನಿಂತಳು. ಸೀಸೆಯ ಮೇಲೆ ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ. ಒಳಗಿನ ಎಣ್ಣೆ ಅಂಟಿನಂತೆ ಗಟ್ಟಿಯಾಗಿ ಒಂದು ಮೂಲೆಗೆ ಹತ್ತಿಕೊಂಡಿತ್ತು. ಕಾಶವ್ವ ಬಾಯಿ ತೆರೆದುಕೊಂಡು ಕೂತಿದ್ದಳು. ಅವಳ ಕುಪ್ಪಸ ಬೆವರಿಗೆ ಒದ್ದೆಯಾಗಿತ್ತು, ಸೆರಗಿನ ಅಂಚು ಕಚ್ಚಿ ಕಚ್ಚಿ ಹರಿದುಹೋಗಿತ್ತು.

ಭುವನಾ ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

ಆ ಮಧ್ಯಾಹ್ನವೇ ಅವಳು ವಾರ್ಡ್ ಆಫೀಸಿಗೆ ಓಡಿ, ಕಾಶವ್ವ ಬದುಕಿದ್ದಾಳೆ, ತಪ್ಪಿ ಒತ್ತಿದೆ ಎಂದು ಅತ್ತಳು. ಸತ್ತವರನ್ನು ಬದುಕಿಸಲು ಸತ್ತವರ ಹೆಬ್ಬೆರಳು ಬೇಕು, ಆ ಬೆರಳನ್ನು ನಿರ್ಬಂಧಿಸಲಾಗಿದೆ, ನಿರ್ಬಂಧ ತೆಗೆಯಲು ಬೆರಳಿನವರು ಬದುಕಿರಬೇಕು ಎಂದು ಅಲ್ಲಿನ ಗುಮಾಸ್ತ ವಿವರಿಸಿ, ಕೈ ಮುಗಿದ. ಆದರೆ ಅದು ಮಧ್ಯಾಹ್ನದ ಮಾತು. ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ಅವಳ ಬಾಯಿಂದ ಬಂದದ್ದು ಇಷ್ಟೇ.

"ಆಯಿ, ದೀಪ ಹತ್ತವಲ್ದಲ್ರಿ."

"ಸುಮ್ನಿರ, ಕೂಸು ಐತಿ," ಎಂದಳು ಕಾಶವ್ವ, ಕಣ್ಣು ತೆರೆಯದೆ.

ಇಂಚರಾ ಸೀಸೆಯನ್ನು ಇನ್ನಷ್ಟು ಬಗ್ಗಿಸಿ, ಅಲುಗಾಡಿಸಿ, ಕೇಳಿದಳು. "ಬಂತೇನ ಆಯಿ?"

"ಬಂತವ್ವಾ," ಎಂದಳು ಕಾಶವ್ವ. ಏನೂ ಇಲ್ಲದ ನಾಲಗೆಯನ್ನು ಚಪ್ಪರಿಸಿದಳು. "ನಿನ್ನ ಕೈಗುಣ ಬಾಳ ಛಲೋ ಐತಿ."

ಇಂಚರಾ ತನ್ನ ಫ್ರಾಕಿನ ತುದಿಯಿಂದ ಆಯಿಯ ಬಾಯಿ ಒರೆಸಿ, ಸೀಸೆಯನ್ನು ಜೋಪಾನವಾಗಿ ಗೂಡಿನಲ್ಲಿಟ್ಟು, ನಾಳೆ ಬರುತ್ತೇನೆಂದು ಹೇಳಿ ಶಾಲೆಗೆ ಓಡಿದಳು.